ಥೀಸಿಸ್ ವರ್ಡ್‌ನಲ್ಲೋ, ಲೇಟೆಕ್‌ನಲ್ಲೋ?

ಪ್ರಶ್ನೆ (ರಾಯಚೂರು): ಸರ್, ನನ್ನ ಪಿಎಚ್‌ಡಿ ತುಂಗಭದ್ರಾ ಅಚ್ಚುಕಟ್ಟಿನ ಸವಳು ಮಣ್ಣಿನ ಮೇಲೆ. ಟೇಬಲ್, ಗ್ರಾಫ್ ಜಾಸ್ತಿ, ಸಮೀಕರಣ ಹತ್ತೋ ಹನ್ನೆರಡೋ. ಗೈಡ್ ವರ್ಡ್ ಬಿಟ್ಟು ಬೇರೇನೂ ಮುಟ್ಟುವುದಿಲ್ಲ. ಗೆಳೆಯರು ಲೇಟೆಕ್ (ಕಮಾಂಡ್ ಬರೆದು ಪುಟ ಜೋಡಿಸುವ ತಂತ್ರಾಂಶ) ಕಲಿ ಅಂತ ಬೆನ್ನು ಹತ್ತಿದ್ದಾರೆ. ಕನ್ನಡ ಸಾರಾಂಶವೂ ಇದೆ, ಅದನ್ನು ಹಳೇ ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿಸಿದ್ದೇನೆ. ಯಾವುದು ಹಿಡಿಯಲಿ?

ಉತ್ತರ (ಬಳ್ಳಾರಿ, ಪುಟ ವಿನ್ಯಾಸದ ಕೆಲಸ): ನಿಮಗೆ ವರ್ಡೇ ಸಾಕು. ಕಾರಣ ನಿಮ್ಮ ಗೈಡ್. ವರ್ಡ್ ಫೈಲ್ ಕೊಟ್ಟರೆ ಅವರು ಟ್ರ್ಯಾಕ್ ಚೇಂಜಸ್ ಹಾಕಿ, ತಿದ್ದಿದ್ದು ಕಾಣುವ ಹಾಗೆ ತಿದ್ದುತ್ತಾರೆ, ನೀವು ಒಪ್ಪಿಕೊಂಡರೆ ಆಯಿತು. ಲೇಟೆಕ್‌ನಿಂದ ಬರುವ ಪಿಡಿಎಫ್ ಕೊಟ್ಟರೆ ಪ್ರಿಂಟ್ ತೆಗೆದು ಪೆನ್ನಲ್ಲಿ ಗೀಚುತ್ತಾರೆ. ಅದನ್ನೆಲ್ಲ ಮತ್ತೆ ಕೂತು ಸೇರಿಸುವವರು ಯಾರು? ನೀವೇ ಅಲ್ವಾ?

ಆದರೆ ವರ್ಡನ್ನು ಟೈಪ್‌ರೈಟರ್ ಥರ ಕುಟ್ಟಬೇಡಿ. ನನ್ನ ಹತ್ತಿರ ಬರುವ ಫೈಲುಗಳಲ್ಲಿ ತಲೆಬರಹಕ್ಕೆ ಸುಮ್ನೆ ಬೋಲ್ಡ್ ಒತ್ತಿರುತ್ತಾರೆ, ಹೊಸ ಪುಟಕ್ಕೆ ಎಂಟರ್ ಮೇಲೆ ಎಂಟರ್. ‘ಚಿತ್ರ 4.3’ ಅಂತ ಕೈಯಲ್ಲೇ ಬರೆದಿರುತ್ತಾರೆ. ಮಧ್ಯೆ ಒಂದು ಗ್ರಾಫ್ ಸೇರಿಸಿದರೆ ಮುಗೀತು, ಮುಂದಿನ ನಂಬರೆಲ್ಲ ತಪ್ಪು. ತಲೆಬರಹಕ್ಕೆ ಹೆಡಿಂಗ್ ಸ್ಟೈಲ್ ಹಾಕಿ. ಚಿತ್ರಕ್ಕೆ ಇನ್ಸರ್ಟ್ ಕ್ಯಾಪ್ಷನ್, ಉಲ್ಲೇಖಿಸುವ ಕಡೆ ಕ್ರಾಸ್ ರೆಫರೆನ್ಸ್. ಕೊನೆಗೆ ಕಂಟ್ರೋಲ್-ಎ, ಎಫ್9 ಒತ್ತಿದರೆ ನಂಬರು ತಾನಾಗಿ ಸರಿಹೋಗುತ್ತವೆ. ಆಕರ ಗ್ರಂಥಗಳ ಪಟ್ಟಿ ನೋಡಿಕೊಳ್ಳಲು ಜೊಟೆರೊ ಅನ್ನುವ ತಂತ್ರಾಂಶ ಇಟ್ಟುಕೊಳ್ಳಿ, ಪುಕ್ಕಟೆ.

ನುಡಿಯ ಹಳೇ ಫಾಂಟ್ ಯೂನಿಕೋಡ್ (ಎಲ್ಲ ಭಾಷೆಯ ಅಕ್ಷರಗಳಿಗೂ ಇರುವ ಜಾಗತಿಕ ಸಂಕೇತ ಪದ್ಧತಿ) ಅಲ್ಲ. ಫಾಂಟ್ ಬದಲಾದ ತಕ್ಷಣ ಕನ್ನಡ ಹೋಗಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಆಗುತ್ತದೆ. ಈಗಲೇ ಯೂನಿಕೋಡ್‌ಗೆ ಬದಲಿಸಿ. ಬದಲಿಸಿದ ಮೇಲೆ ‘ವರ್ಷ’, ‘ನಿರ್ವಹಣೆ’ಯಂಥ ಪದ ಕಣ್ಣಿಟ್ಟು ನೋಡಿ. ಹಳೇ ಫಾಂಟ್‌ನಲ್ಲಿ ಅರ್ಕಾವತ್ತು ಅಕ್ಷರದ ನಂತರ ಬರುತ್ತದೆ, ಯೂನಿಕೋಡ್‌ನಲ್ಲಿ ರಕಾರ ಮೊದಲು. ಎಡವಟ್ಟಾಗುವುದು ಅಲ್ಲೇ.

ಪ್ರಶ್ನೆ (ಕೊಪ್ಪಳ): ನನ್ನದು ಗಣಿತ ಸರ್. ಪುಟಕ್ಕೆ ಐದಾರು ಸಮೀಕರಣ. ನನಗೂ ವರ್ಡೇನಾ?

ಉತ್ತರ: ಬೇಡವೇ ಬೇಡ, ಲೇಟೆಕ್ ಹಿಡಿಯಿರಿ. ಕಂಪ್ಯೂಟರ್ ವಿಜ್ಞಾನಿ ಡೊನಾಲ್ಡ್ ನೂತ್, ತಮ್ಮ ಪುಸ್ತಕದ ಹೊಸ ಆವೃತ್ತಿಯ ಗಣಿತ ಅಚ್ಚಿನಲ್ಲಿ ಕೆಟ್ಟದಾಗಿ ಕಂಡಿತು ಅಂತಲೇ 1977ರಲ್ಲಿ ಟೆಕ್ ಅನ್ನುವ ಅಕ್ಷರ ಜೋಡಣೆಯ ತಂತ್ರಾಂಶ ಶುರು ಮಾಡಿದ್ದು. ಅದರ ಮೇಲೆ ಇನ್ನೊಬ್ಬ ಕಂಪ್ಯೂಟರ್ ವಿಜ್ಞಾನಿ ಲೆಸ್ಲಿ ಲ್ಯಾಂಪೋರ್ಟ್ ಲೇಟೆಕ್ ಕಟ್ಟಿದರು. ಸಮೀಕರಣದ ನಂಬರು, ಅಂತರ ಎಲ್ಲ ಅದೇ ನೋಡಿಕೊಳ್ಳುತ್ತದೆ. ಮೊದಲ ವಾರ ಎರರ್ ಮೆಸೇಜ್ ನೋಡಿ ತಲೆ ಕೆಡುತ್ತದೆ, ಬಿಡಬೇಡಿ.

ಲೇಟೆಕ್ ಫೈಲನ್ನು ಪಿಡಿಎಫ್ ಮಾಡುವ ಪ್ರೋಗ್ರಾಂಗಳು ಹಲವು. ಕನ್ನಡ ಪುಟ ಇದ್ದರೆ ಮಾತ್ರ ಅವುಗಳಲ್ಲಿ ಪಿಡಿಎಫ್‌ಲೇಟೆಕ್ ಬೇಡ. ಜೀಲೇಟೆಕ್ ಬಳಸಿ, ಫಾಂಟ್ ಆರಿಸುವ ಪ್ಯಾಕೇಜ್ ಫಾಂಟ್‌ಸ್ಪೆಕ್‌ನಲ್ಲಿ ಸ್ಕ್ರಿಪ್ಟ್ ಕನ್ನಡ ಅಂತ ಕೊಡಿ. ಲುವಾಲೇಟೆಕ್ ಆದರೆ ರೆಂಡರರ್ ಹಾರ್ಫ್‌ಬಜ್ (ಅಕ್ಷರಗಳನ್ನು ಸರಿಯಾಗಿ ಕೂಡಿಸುವ ತಂತ್ರಾಂಶ) ಅಂತಲೂ ಸೇರಿಸಿ. ಒತ್ತಕ್ಷರ ಸರಿಯಾಗಿ ಕೂರದಿದ್ದರೆ ಆ ಸಾಲನ್ನು ಇಲ್ಲೇ ಹಾಕಿ, ನೋಡೋಣ.