ಪದಚರ್ಚೆ: ‘ಪ್ರಾಂತೀಯ ಸೆನೆಟರ್’ ಸರಿಯೇ? (ನಾಳೆ ಅಚ್ಚಿಗೆ)

ಗೆಳೆಯರೇ,

ಸ್ವಲ್ಪ ಅರ್ಜೆಂಟು. ಕೆನಡಾದ ಆಲ್ಬರ್ಟಾ ಪ್ರಾಂತ್ಯದ ಕ್ಯಾಲ್ಗರಿಯಲ್ಲಿ ನಡೆಯುವ ಸ್ಟ್ಯಾಂಪೀಡ್ (ದನಗಾಹಿಗಳ ಆಟೋಟದ ಜಾತ್ರೆ) ನೋಡಲು ಊರಿಂದ ಬರುವ ಅಪ್ಪ ಅಮ್ಮಂದಿರಿಗಾಗಿ ಕನ್ನಡದಲ್ಲೊಂದು ಕರಪತ್ರ ಮಾಡುತ್ತಿದ್ದೇನೆ. ಅದರಲ್ಲಿ ಪ್ಯಾಟ್ ಬರ್ನ್ಸ್ ಬಗ್ಗೆ ನಾಲ್ಕು ಸಾಲಿದೆ. ರೈಲು ಹಳಿ ಹಾಕುವ ಕೂಲಿಗಳಿಗೆ ದನದ ಮಾಂಸ ಒದಗಿಸುತ್ತಾ ಮೇಲೆ ಬಂದವರು, 1890ರಲ್ಲಿ ಕ್ಯಾಲ್ಗರಿಯಲ್ಲಿ ಕಸಾಯಿಖಾನೆ ಹಾಕಿದರು, 1912ರ ಮೊದಲ ಸ್ಟ್ಯಾಂಪೀಡ್‌ಗೆ ದುಡ್ಡು ಹಾಕಿದ ನಾಲ್ವರಲ್ಲಿ ಒಬ್ಬರು, 1928ರಲ್ಲಿ ಮಾಂಸದ ಕಂಪನಿ ಮಾರಿ 1931ರಲ್ಲಿ ಸೆನೆಟರ್ ಆದರು. ನಾನು ಬರೆದದ್ದು: ‘ಉದ್ಯಮಿಯಿಂದ ತಿರುಗಿ ಆಲ್ಬರ್ಟಾದ ಪ್ರಾಂತೀಯ ಸೆನೆಟರ್ ಆಗಿ ಆಯ್ಕೆಯಾದರು.’ ಓದಿದರೆ ಅನ್ನದಲ್ಲಿ ಕಲ್ಲು ಸಿಕ್ಕ ಹಾಗಾಗುತ್ತದೆ. ಏನು ಮಾಡಲಿ?

---

ಸೆನೆಟರ್ ಯಾಕ್ರೀ? ಮೇಲ್ಮನೆ ಅಂತ ಚಂದದ ಪದ ಇದೆ. ‘ಮೇಲ್ಮನೆಯಾಳು’ ಅನ್ನಿ. ಲ್ಯಾಟಿನ್ನಿನ ‘ಸೆನೆಕ್ಸ್’ ಅಂದರೆ ಮುದುಕ, ಹಾಗಾಗಿ ‘ಹಿರಿಯರ ಮನೆ’ ಅಂದರೂ ನಡೆಯುತ್ತದೆ. ಕಸಾಯಿಖಾನೆ, ಕಂಪನಿ, ಉದ್ಯಮಿ ಒಂದೂ ನಮ್ಮದಲ್ಲ. ಹೀಗೇ ಎರವಲು ತರುತ್ತಾ ಹೋದರೆ ಕನ್ನಡದ್ದು ಅಂತ ವಿಭಕ್ತಿ ಪ್ರತ್ಯಯ ಮಾತ್ರ ಉಳಿಯುತ್ತದೆ.

---

ಮೇಲ್ಮನೆಯಾಳು ಅಂದರೆ ಮಹಡಿ ಮೇಲೆ ಕಸ ಗುಡಿಸುವವನು ಅಂದುಕೊಳ್ಳುತ್ತಾರೆ, ಬೇಡ. ‘ಹಿರಿಯರ ಮನೆ’ ಅಂತೂ ವೃದ್ಧಾಶ್ರಮ. ಬರ್ನ್ಸ್ ವಿಷಯದಲ್ಲಿ ಅದೇ ಸರಿ ಅನ್ನಿ, 75 ತುಂಬುವ ಹೊತ್ತಿಗೆ ಸೆನೆಟ್ ಸೇರಿದವರು. 1965ರಿಂದ ಈಚೆಗೆ ನೇಮಕವಾದವರು ಆ ವಯಸ್ಸಿಗೆ ಮನೆಗೆ ಹೋಗಬೇಕು!

ಎಡವಟ್ಟು ಇರುವುದು ‘ಪ್ರಾಂತೀಯ’ದಲ್ಲಿ, ಅದನ್ನು ಯಾರೂ ನೋಡಲಿಲ್ಲ. ಹಾಗಂದರೆ ಆಲ್ಬರ್ಟಾಕ್ಕೆ ನಮ್ಮ ವಿಧಾನ ಪರಿಷತ್ತಿನ ಥರ ತನ್ನದೇ ಮೇಲ್ಮನೆ ಇದೆ ಅಂತಾಯಿತು. ಕೆನಡಾದಲ್ಲಿ ಈಗ ಯಾವ ಪ್ರಾಂತ್ಯಕ್ಕೂ ಅದಿಲ್ಲ, ಕೊನೆಗೆ ಉಳಿದಿದ್ದ ಕ್ವಿಬೆಕ್ ಕೂಡ 1968ರಲ್ಲಿ ತೆಗೆದುಹಾಕಿತು. ಸೆನೆಟ್ ಇರುವುದು ರಾಜಧಾನಿ ಒಟ್ಟಾವಾದಲ್ಲಿ, 105 ಸೀಟು, ಅದರಲ್ಲಿ ಆಲ್ಬರ್ಟಾದ ಪಾಲು 6. ಕರ್ನಾಟಕದಿಂದ ರಾಜ್ಯಸಭೆಗೆ ಹೋದವರು ಅನ್ನುತ್ತೇವಲ್ಲ, ಹಾಗೆ ‘ಆಲ್ಬರ್ಟಾದಿಂದ’ ಅಂದರೆ ಸಾಕು. ಅರ್ಜೆಂಟೀನಾದ ಬ್ಯೂನಸ್ ಐರಿಸ್ ಪ್ರಾಂತ್ಯಕ್ಕೆ ಬೇರೆಯದೇ ಸೆನೆಟ್ ಇದೆ, ಅಲ್ಲಿಯವರಿಗೆ ಪ್ರಾಂತೀಯ ಸೆನೆಟರ್ ಅನ್ನಿ, ನನ್ನ ತಕರಾರಿಲ್ಲ.

‘ಆಯ್ಕೆ’ಯೂ ತಪ್ಪು. ಅಲ್ಲಿ ಓಟು ಹಾಕಿ ಕಳಿಸುವುದಿಲ್ಲ, ಪ್ರಧಾನಿ ಹೇಳಿದವರನ್ನು ಗವರ್ನರ್ ಜನರಲ್ ನೇಮಿಸುತ್ತಾರೆ. ಇನ್ನು ‘ತಿರುಗಿ’ ಅಂದರೆ ಆ ಮನುಷ್ಯ ಎಲ್ಲೋ ಹೋಗಿ ವಾಪಸ್ ಬಂದ ಹಾಗಿದೆ. ಕಿತ್ತುಹಾಕಿ.

---

ಕಸಾಯಿಖಾನೆಗೆ ಯಾರೂ ಉತ್ತರ ಕೊಡಲಿಲ್ಲ. ಹೇಳಿದರೆ ಕೋಪ ಬರುತ್ತದೆ ನಿಮಗೆಲ್ಲ.

---

ಸಾರ್, ಅಂಗಡಿ ಬೀದಿಯಲ್ಲಿ ನಿಂತು ಕೇಳಿ, ಕಸಾಯಿಖಾನೆ ಎಲ್ಲಿ ಅಂದರೆ ಯಾರಾದರೂ ಕೈ ತೋರಿಸುತ್ತಾರೆ. ಕನ್ನಡ ಆಗಲು ಇನ್ನೇನು ಬೇಕು? ಇದನ್ನು ಹೋದ ವರ್ಷವೂ ಮಾತಾಡಿದ್ದೇವೆ. ಸಾಕು.

---

ಎಲ್ಲರಿಗೂ ಥ್ಯಾಂಕ್ಸ್. ಕೊನೆಗೆ ಹೀಗೆ ಮಾಡಿದೆ: ‘ದನದ ವ್ಯಾಪಾರದಲ್ಲಿ ದೊಡ್ಡ ಸಾಹುಕಾರರಾದ ಬರ್ನ್ಸ್, 1931ರಲ್ಲಿ ಆಲ್ಬರ್ಟಾದಿಂದ ಕೆನಡಾದ ಸೆನೆಟ್‌ಗೆ ನೇಮಕವಾದರು.’ ಸೆನೆಟರ್ ಪದವೇ ಬೇಕಾಗಲಿಲ್ಲ. ಕಸಾಯಿಖಾನೆ ಹಾಗೇ ಇದೆ. ಅಚ್ಚಿಗೆ ಕಳಿಸಿಬಿಟ್ಟೆ, ಇನ್ನು ಬಯ್ಯಬೇಡಿ.