ಯೂನಿವರ್ಸಿಟಿ ಲೈಬ್ರರಿಯವರು ನಮ್ಮ ಹೈಸ್ಕೂಲ್ ಮಕ್ಕಳಿಗೆ ಆನ್‌ಲೈನ್ ಕ್ಲಾಸ್ ಮಾಡುತ್ತಾರಂತೆ. ಏನು ಕಲಿಸಿ ಅಂತ ಕೇಳಲಿ?

ಸಮಾಜ ಟೀಚರ್, ನಾಪೋಕ್ಲು ಕಡೆ

ಎಲ್ಲರಿಗೂ ನಮಸ್ಕಾರ. ಕೊಡಗಿನ ಸರ್ಕಾರಿ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತೇನೆ. ಒಂದು ಯೂನಿವರ್ಸಿಟಿ ಲೈಬ್ರರಿಯವರು ನಮ್ಮ ಎಂಟು, ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ಮಾಹಿತಿ ಹುಡುಕುವುದನ್ನು ಆನ್‌ಲೈನಲ್ಲಿ ಕಲಿಸುತ್ತೇವೆ ಅಂತ ಮುಂದೆ ಬಂದಿದ್ದಾರೆ. ದುಡ್ಡು ಗಿಡ್ಡು ಏನೂ ಇಲ್ಲ. ಖುಷಿಯಾಯಿತು. ಆದರೆ ಅವರು ಕಳಿಸಿದ ಪಟ್ಟಿ ಹೀಗಿದೆ: ಲೈಬ್ರರಿ ಪರಿಚಯ, ಕ್ಯಾಟಲಾಗ್ (ಲೈಬ್ರರಿಯ ಪುಸ್ತಕಗಳ ಪಟ್ಟಿ) ಬಳಕೆ, ಇ-ಜರ್ನಲ್ (ನೆಟ್ಟಿನಲ್ಲಿ ಓದುವ ಸಂಶೋಧನಾ ಪತ್ರಿಕೆ), ಉಲ್ಲೇಖ ಬರೆಯುವ ಕ್ರಮ. ನಮ್ಮ ಮಕ್ಕಳು ಹತ್ತು ನಿಮಿಷದಲ್ಲಿ ಆಕಳಿಸುತ್ತಾರೆ, ಬರೆದುಕೊಡುತ್ತೇನೆ.

ನಮ್ಮಲ್ಲಿ ಎಫ್‌ಎ (ರೂಪಣಾತ್ಮಕ ಮೌಲ್ಯಮಾಪನ) ಪ್ರಾಜೆಕ್ಟ್ ಅಂದರೆ ನಿಮಗೆ ಗೊತ್ತಲ್ಲ. ಸೈಬರಿಗೆ ಹೋಗಿ ವಿಷಯ ಹೇಳುವುದು, ಅವರು ಕೊಟ್ಟ ಪ್ರಿಂಟನ್ನು ನೀಟಾಗಿ ಅಂಟಿಸುವುದು, ಸುತ್ತ ಸ್ಕೆಚ್ ಪೆನ್ನಿನಲ್ಲಿ ಬಾರ್ಡರ್. ಈ ಸಲ ಕಾವೇರಿ ಬಗ್ಗೆ ಕೊಟ್ಟಿದ್ದೆ. ಒಬ್ಬಳ ಹಾಳೆಯಲ್ಲಿ ನದಿಯ ಉದ್ದ 800 ಕಿ.ಮೀ., ಪಕ್ಕದವನ ಹಾಳೆಯಲ್ಲಿ 802. ಯಾವುದು ಸರಿ ಟೀಚರ್ ಅಂತ ಜಗಳ. ನಾನೊಂದು ಸಂಖ್ಯೆ ಹೇಳಿಬಿಟ್ಟರೆ ಜಗಳ ಮುಗಿಯುತ್ತದೆ, ಆದರೆ ಲೈಬ್ರರಿಯವರು ಕಲಿಸಬೇಕಾದ್ದು ಇದನ್ನೇ ಅಲ್ವಾ?

ಇನ್ನೊಂದು. ಜುಲೈ ಬಂತೆಂದರೆ 'ನಾಳೆ ಶಾಲೆಗೆ ರಜೆ' ಅಂತ ಡಿಸಿ ಆದೇಶ ವಾಟ್ಸಾಪಿನಲ್ಲಿ ಓಡಾಡುತ್ತದೆ. ನೋಡಿದರೆ ಯಾವುದೋ ಹಳೇ ಆದೇಶಕ್ಕೆ ಹೊಸ ತಾರೀಕು. ಮರುದಿನ ಅರ್ಧ ಕ್ಲಾಸ್ ಖಾಲಿ!

ಶಾಲೆಯಲ್ಲಿ ಒಂದು ಟಿವಿ ಇದೆ. ನೆಟ್ ಅಂದರೆ ನನ್ನ ಮೊಬೈಲಿನ ಹಾಟ್‌ಸ್ಪಾಟ್. ಇಷ್ಟರಲ್ಲಿ ಏನು ಕೇಳಬಹುದು? ಲೈಬ್ರರಿ ಕೆಲಸ ಗೊತ್ತಿರುವವರು ಹೇಳಿ.

ಲೈಬ್ರರಿಯವನು, ಕುಶಾಲನಗರ

ಮೇಡಂ, ನಾನು ಕಾಲೇಜು ಲೈಬ್ರರಿಯಲ್ಲಿ ಇರುವವನು. ಶಾಲೆ ಮಕ್ಕಳಿಗೂ ಆಗಾಗ ಹೇಳಿಕೊಡುತ್ತೇನೆ. ನಮ್ಮವರ ಮೇಲೆ ನಾನೇ ದೂರು ಹೇಳಿದ ಹಾಗಾಗುತ್ತದೆ, ಇರಲಿ.

ಮೊದಲು ಆ ಇ-ಜರ್ನಲ್ ತೆಗೆಸಿಬಿಡಿ. ದುಡ್ಡು ಕೊಟ್ಟು ತರಿಸುವ ಜರ್ನಲ್‌ಗಳ ಲೈಸೆನ್ಸ್ ಇರುವುದು ಆ ಯೂನಿವರ್ಸಿಟಿಯ ವಿದ್ಯಾರ್ಥಿಗಳಿಗೆ, ಸಿಬ್ಬಂದಿಗೆ. ಜರ್ನಲ್‌ಗಳನ್ನು ಒಟ್ಟಿಗೆ ತರಿಸಿಕೊಡಲು ಕೇಂದ್ರ ಸರ್ಕಾರ 2025ರ ಜನವರಿಯಲ್ಲಿ ಶುರುಮಾಡಿದ 'ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್' ಯೋಜನೆ ಕೂಡ ಸರ್ಕಾರಿ ಉನ್ನತ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಗಳಿಗೆ. ಹೈಸ್ಕೂಲು ಅದರಲ್ಲಿ ಬರುವುದಿಲ್ಲ. ಹಸಿದ ಮಕ್ಕಳನ್ನು ಬೇಕರಿ ಗಾಜಿನ ಮುಂದೆ ನಿಲ್ಲಿಸಿ ವಾಪಸ್ ಕರೆದುಕೊಂಡು ಹೋದ ಹಾಗಾಗುತ್ತದೆ. ಯಾರು ಬೇಕಾದರೂ ನೋಡಬಹುದಾದದ್ದು ಬೇಕಾದಷ್ಟಿದೆ. ಐಐಟಿ ಖರಗ್‌ಪುರದವರ ನ್ಯಾಷನಲ್ ಡಿಜಿಟಲ್ ಲೈಬ್ರರಿ, ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ ಭಾರತವಾಣಿ, ಪಿಎಚ್‌ಡಿ ಪ್ರಬಂಧಗಳಿರುವ ಶೋಧಗಂಗಾ. ಶೋಧಗಂಗಾದಲ್ಲಿ ಕನ್ನಡದ ಪ್ರಬಂಧಗಳೂ ಇವೆ. ಮಕ್ಕಳು ಪೂರ್ತಿ ಓದಬೇಕಿಲ್ಲ, ಟೀಚರ್ ಎರಡು ಪುಟ ಆರಿಸಿಕೊಟ್ಟರೆ ಸಾಕು.

ಆಮೇಲೆ 'ಒಳ್ಳೆಯ ವೆಬ್‌ಸೈಟ್ ಗುರುತಿಸಲು ಪ್ರಶ್ನೆಗಳ ಪಟ್ಟಿ' ಅಂತ ಒಂದನ್ನು ಕೊಡುತ್ತಾರೆ. ಬರೆದವರ ಹೆಸರಿದೆಯಾ, ತಾರೀಕಿದೆಯಾ, ಉದ್ದೇಶ ಏನು, ಹೀಗೆ. ಈ ಥರದ ಪಟ್ಟಿಗಳಲ್ಲಿ ಜಾಸ್ತಿ ಹೆಸರಾದದ್ದು 2004ರಲ್ಲಿ ಕ್ಯಾಲಿಫೋರ್ನಿಯಾದ ಚಿಕೋ ಅನ್ನುವ ಊರಿನ ಯೂನಿವರ್ಸಿಟಿ ಲೈಬ್ರರಿಯಲ್ಲಿ ಮಾಡಿದ್ದು. ಕೆಟ್ಟದ್ದೇನಲ್ಲ. ಆದರೆ ಮಕ್ಕಳು ಎಲ್ಲದಕ್ಕೂ ಟಿಕ್ ಹಾಕಿ ಕೊಡುತ್ತಾರೆ. ನಿಮ್ಮ ನಕಲಿ ರಜೆ ಆದೇಶವನ್ನೇ ತೆಗೆದುಕೊಳ್ಳಿ. ಹೆಸರಿದೆ, ತಾರೀಕಿದೆ, ಸಹಿ ಇದೆ, ಸೀಲೂ ಇದೆ. ನೂರಕ್ಕೆ ನೂರು ಪಾಸ್!

ಅಮೆರಿಕದ ಸ್ಟ್ಯಾನ್‌ಫರ್ಡ್ ಯೂನಿವರ್ಸಿಟಿಯಲ್ಲಿದ್ದ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಕ್‌ಗ್ರೂ ಅನ್ನುವವರು ಇತಿಹಾಸದ ಪ್ರೊಫೆಸರುಗಳು, ವಿದ್ಯಾರ್ಥಿಗಳು, ಪತ್ರಿಕೆಗಳಲ್ಲಿ ಸುದ್ದಿಯ ನಿಜ ಸುಳ್ಳು ನೋಡುವವರು, ಈ ಮೂರೂ ಗುಂಪಿಗೆ ವೆಬ್‌ಸೈಟ್ ಕೊಟ್ಟು ನೋಡಿದರು. ಪ್ರೊಫೆಸರುಗಳೂ ವಿದ್ಯಾರ್ಥಿಗಳೂ ಅದೇ ಪುಟವನ್ನು ಮೇಲಿಂದ ಕೆಳಗೆ ಓದಿದರು, ಚಂದದ ಲೋಗೊ ನೋಡಿ ಎಷ್ಟೋ ಜನ ಮೋಸಹೋದರು. ಪತ್ರಿಕೆಯವರು ಮಾತ್ರ ಬೇಗನೆ ಆ ಪುಟ ಬಿಟ್ಟು ಬೇರೆ ಟ್ಯಾಬ್ ತೆರೆದು 'ಇವರ ಬಗ್ಗೆ ಬೇರೆಯವರು ಏನು ಹೇಳುತ್ತಾರೆ' ಅಂತ ಹುಡುಕಿದರು. ನಿಮ್ಮ ಮಕ್ಕಳಿಗೆ ಬೇಕಾದ್ದು ಈ ಒಂದು ಅಭ್ಯಾಸ. ರಜೆ ಆದೇಶ ಬಂತಾ? ಫೋಟೊ ದೊಡ್ಡದು ಮಾಡಿ ಸಹಿ ನೋಡುತ್ತಾ ಕೂರಬೇಡಿ. ಜಿಲ್ಲಾಡಳಿತದ ಪುಟದಲ್ಲಿ ಇದೆಯಾ, ಟೀಚರ್ ಗ್ರೂಪಿನಲ್ಲಿ ಬಂದಿದೆಯಾ ನೋಡಿ. ಅಷ್ಟೇ.

2018ರ ಮಕ್ಕಂದೂರು, ಜೋಡುಪಾಲದ ಗುಡ್ಡ ಕುಸಿತದ ವಿಡಿಯೊಗಳು 'ಈಗಷ್ಟೇ ಆದದ್ದು' ಅಂತ ಬಂದರೂ ಇದೇ ದಾರಿ. ಒಂದು ಸ್ಕ್ರೀನ್‌ಶಾಟ್ ತೆಗೆದು, ಚಿತ್ರ ಕೊಟ್ಟರೆ ಅಂಥದ್ದೇ ಹುಡುಕಿಕೊಡುವ ಗೂಗಲ್ ಲೆನ್ಸಿಗೆ ಹಾಕಲಿ, ಹಳೇ ಸುದ್ದಿ ಸಿಕ್ಕರೆ ಗೊತ್ತಾಗಿಬಿಡುತ್ತದೆ.

ಇನ್ನು ನಿಮ್ಮ ಕಾವೇರಿ ಜಗಳ. ಇದಕ್ಕಿಂತ ಒಳ್ಳೆಯ ಪಾಠ ಯಾವ ಲೈಬ್ರರಿಯವರಿಗೂ ಹೊಳೆಯುವುದಿಲ್ಲ! 800 ಅನ್ನುವವರ ಲೆಕ್ಕ ಹೀಗೆ: ಕರ್ನಾಟಕದಲ್ಲಿ 320, ತಮಿಳುನಾಡಿನಲ್ಲಿ 416, ಎರಡರ ಗಡಿಯಲ್ಲಿ 64. 802 ಅನ್ನುವವರದ್ದು ಕರ್ನಾಟಕದಲ್ಲಿ 381, ತಮಿಳುನಾಡಿನಲ್ಲಿ 357, ಗಡಿಯಲ್ಲಿ 64. ಬೋರ್ಡಿನ ಮೇಲೆ ಅಕ್ಕಪಕ್ಕ ಬರೆದು ಮಕ್ಕಳಿಗೇ ಬಿಡಿ. ಒಟ್ಟಿನಲ್ಲಿ ವ್ಯತ್ಯಾಸ ಬರೀ 2 ಕಿ.ಮೀ., ಆದರೆ ಕರ್ನಾಟಕದ ಪಾಲಿನಲ್ಲಿ 61 ಕಿ.ಮೀ.! ಗಡಿಯ 64 ಎರಡರಲ್ಲೂ ಒಂದೇ. ಅಂದರೆ ಜಗಳ ಆಡಬೇಕಾದ್ದು 800, 802ರ ಮೇಲೆ ಅಲ್ಲವೇ ಅಲ್ಲ. ಯಾರು ಅಳೆದರು, ಯಾವ ನಕ್ಷೆ, ಎಷ್ಟು ತಿರುವುಗಳನ್ನು ಲೆಕ್ಕಕ್ಕೆ ಹಿಡಿದರು ಅಂತ ಮಕ್ಕಳೇ ಕೇಳುತ್ತಾರೆ. ಕೊನೆಗೆ 'ಇಂಥ ಕಡೆಯ ಪ್ರಕಾರ ಇಷ್ಟು' ಅಂತ ಬರೆಯಲಿ. ಉಲ್ಲೇಖ ಬರೆಯುವ ಕ್ರಮಕ್ಕೆ ಬೇರೆ ಕ್ಲಾಸ್ ಬೇಡ.

ಲೈಬ್ರರಿಯವರಿಗೆ ಮಕ್ಕಳ ಇಂಥ ಪ್ರಶ್ನೆಗಳನ್ನು ವಾರ ಮೊದಲೇ ಕಳಿಸಿ. ಪಿಪಿಟಿ ಬೇಡ, ಈ ಪ್ರಶ್ನೆಯನ್ನು ನೀವು ಹೇಗೆ ಹುಡುಕುತ್ತೀರೋ ಅದನ್ನು ಸ್ಕ್ರೀನ್ ಮೇಲೆ ತೋರಿಸಿ ಅಂತ ಹೇಳಿ. ತಡವರಿಸಿದರೂ ಪರವಾಗಿಲ್ಲ, ಅದನ್ನೂ ಮಕ್ಕಳು ನೋಡಲಿ.

ಮೂರ್ನಾಡಿನ ಒಬ್ಬ ಅಪ್ಪ

ಸರ್ ಹೇಳಿದ್ದು ಎಲ್ಲ ಸರಿ. ಆದರೆ ಸಂಜೆ ಲೈವ್ ಕ್ಲಾಸ್ ಮಾತ್ರ ಇಡಬೇಡಿ ಟೀಚರ್. ಮನೆಯಲ್ಲಿ ಇರುವ ಒಂದು ಫೋನು ನನ್ನ ಜೊತೆ ಕೆಲಸಕ್ಕೆ ಬರುತ್ತದೆ. ತೋಟದ ಕೆಲಸದವರ ಲೈನ್‌ಮನೆಯ ಮಕ್ಕಳ ಕಥೆ ಇನ್ನೂ ಕಷ್ಟ. ಮಳೆಗಾಲದಲ್ಲಿ ಕರೆಂಟ್ ಹೋದರೆ ಹಿಂದೆಯೇ ಟವರೂ ಹೋಗುತ್ತದೆ. ಐದು ನಿಮಿಷದ ವಿಡಿಯೊ ಮಾಡಿ ಗ್ರೂಪಿಗೆ ಹಾಕಲಿ, ಸಿಗ್ನಲ್ ಸಿಕ್ಕಾಗ ಡೌನ್‌ಲೋಡ್ ಮಾಡಿಕೊಳ್ಳುತ್ತೇವೆ. ಲೈವ್ ಬೇಕೇ ಬೇಕು ಅಂದರೆ ಶಾಲೆಯ ಟೈಮಿನಲ್ಲಿ, ಶಾಲೆಯ ಟಿವಿಯಲ್ಲಿ. ಅದೂ ಜೂನ್, ಜುಲೈ ಬಿಟ್ಟು.

ಸಿದ್ದಾಪುರ ತೋಟ

ಟೀಚರಮ್ಮ, ನನ್ನದೊಂದು ಮಾತು. ಎಲ್ಲವೂ ನೆಟ್ಟಿನಲ್ಲೇ ಇದೆ ಅಂತ ಮಕ್ಕಳು ತಿಳಿದುಕೊಂಡಿದ್ದಾರೆ. ನಮ್ಮ ತೋಟದಲ್ಲಿ ಅಪ್ಪನ ಕಾಲದಿಂದ ಮಳೆ ಪುಸ್ತಕ ಇದೆ. ದಿನಾ ಬೆಳಿಗ್ಗೆ ಅಳೆದು ಬರೆಯುವುದು, ಇಷ್ಟು ಇಂಚು ಇಷ್ಟು ಸೆಂಟ್ (ಇಂಚಿನ ನೂರರಲ್ಲೊಂದು ಪಾಲು) ಅಂತ. ಯಾವ ವರ್ಷ ಕಾಫಿ ಹೂ ಅರಳಿಸುವ ಹೂಮಳೆ ಯಾವಾಗ ಬಂತು ಎಲ್ಲ ಸಿಗುತ್ತದೆ. ಸುತ್ತಮುತ್ತ ಬೇಕಾದಷ್ಟು ಮನೆಗಳಲ್ಲಿ ಇಂಥ ಪುಸ್ತಕ ಇರುತ್ತದೆ, ಕೇಳುವವರಿಲ್ಲ ಅಷ್ಟೇ. ಲೈಬ್ರರಿಯವರು ಅದನ್ನು ಓದುವುದು ಹೇಗೆ ಅಂತ ಕಲಿಸುತ್ತಾರಾ?

ಲೈಬ್ರರಿಯವನು, ಕುಶಾಲನಗರ

ಸರ್, ಇದು ಬಂಗಾರದಂಥ ವಿಷಯ! ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರು ಹೋಬಳಿ ಮಟ್ಟದ ಮಳೆ ಲೆಕ್ಕ ಕೊಡುತ್ತಾರೆ. ಅದು ಮಿಲಿಮೀಟರಿನಲ್ಲಿ ಇರುತ್ತದೆ, ನಿಮ್ಮದು ಇಂಚಿನಲ್ಲಿ. ಒಂದು ಇಂಚಿಗೆ 25.4 ಮಿ.ಮೀ. ಹಿಡಿದು 2018ರ ಆಗಸ್ಟನ್ನು ಮಕ್ಕಳು ಹೋಲಿಸಿ ನೋಡಲಿ. ಎರಡೂ ಹೊಂದದೇ ಇರಬಹುದು. ಗುಡ್ಡದ ಆಚೆ ಈಚೆಯೇ ಮಳೆ ಬೇರೆ ಅಲ್ವಾ. ಹಾಗಂತ ಯಾವುದೂ ಸುಳ್ಳಲ್ಲ. ಮಕ್ಕಳ ವಿಜ್ಞಾನ ಸಮಾವೇಶಕ್ಕೂ ಕಳಿಸಬಹುದು.

ಸಮಾಜ ಟೀಚರ್, ನಾಪೋಕ್ಲು ಕಡೆ

ಎಲ್ಲರಿಗೂ ಥ್ಯಾಂಕ್ಸ್. ಒಂದೇ ಒಂದು ಉಳಿದಿದೆ. ಈಗ ಕೆಲವರು ಸೈಬರಿಗೂ ಹೋಗುವುದಿಲ್ಲ, ಚಾಟ್‌ಜಿಪಿಟಿಗೆ ಕೇಳಿ ಬರೆದುಕೊಂಡು ಬರುತ್ತಾರೆ. ಬೇಡ ಅನ್ನಲಾ?

ಲೈಬ್ರರಿಯವನು, ಕುಶಾಲನಗರ

ಬೇಡ ಅಂದರೆ ಕದ್ದು ಮಾಡುತ್ತಾರೆ ಮೇಡಂ. ಕ್ಲಾಸಿನಲ್ಲೇ, ಎಲ್ಲರ ಎದುರಿಗೆ ಕೇಳಿಸಿ. 'ಇದು ಯಾವ ಪುಸ್ತಕದಲ್ಲಿದೆ' ಅಂತಲೂ ಕೇಳಿಸಿ. ಅದು ಹೇಳಿದ ಪುಸ್ತಕ ನಿಜವಾಗಿ ಇದೆಯಾ ಅಂತ ಯೂನಿವರ್ಸಿಟಿಯವರ ಕ್ಯಾಟಲಾಗಿನಲ್ಲಿ ಹುಡುಕಲಿ. ಇಲ್ಲದ ಪುಸ್ತಕದ ಹೆಸರನ್ನೂ ಅದು ಧೈರ್ಯವಾಗಿ ಹೇಳುವುದುಂಟು. ಪಟ್ಟಿಯಲ್ಲಿ ಇದ್ದ ಕ್ಯಾಟಲಾಗ್ ಕ್ಲಾಸನ್ನು ಹಾಗೇ ಇಟ್ಟುಕೊಳ್ಳಿ, ಇದಕ್ಕೆ ಬೇಕಾಗುತ್ತದೆ. ಮಕ್ಕಳ ಪ್ರಶ್ನೆಗಳ ಪಟ್ಟಿ ತಯಾರಾದ ಮೇಲೆ ಇಲ್ಲೇ ಹಾಕಿ, ನಾನೂ ನೋಡುತ್ತೇನೆ.