ಅಜ್ಜಿಗೆ ಗೊತ್ತಿದ್ದ ಗಂಟೆ

ವಾಟ್ಸಾಪ್ ಗುಂಪು: ಅಜ್ಜಿಮನೆ ಮಕ್ಕಳು

ಪುಟ್ಟಿ: ಎಲ್ಲರೂ ಈ ಲಿಂಕ್ ಒತ್ತಿ ಕೇಳಿ. ಅಮೆರಿಕದ ಟಿವಿ ಕುಸ್ತಿ ಕಂಪನಿ ಡಬ್ಲ್ಯುಡಬ್ಲ್ಯುಎಫ್‌ನ ‘ಡಬ್ಲ್ಯುಡಬ್ಲ್ಯುಎಫ್ ಅಗ್ರೆಶನ್’ ಅಂತ ಆಲ್ಬಂ, 2000ನೇ ಇಸವಿಯ ಮಾರ್ಚ್‌ನಲ್ಲಿ ಬಂದಿದ್ದು. ನಿಮ್ಮ ಕಾಲದ ಪೈಲ್ವಾನರು ರಿಂಗಿಗೆ ಬರುವಾಗ ಹಾಕುವ ಎಂಟ್ರಿ ಮ್ಯೂಸಿಕ್ಕನ್ನೆಲ್ಲ ರ‍್ಯಾಪರ್‌ಗಳು ಹೊಸದಾಗಿ ಮಾಡಿದ್ದಾರೆ. ರಾಕ್‌ಗೆ ಮೆಥಡ್ ಮ್ಯಾನ್, ಸ್ಟೋನ್ ಕೋಲ್ಡ್ ಆಸ್ಟಿನ್‌ಗೆ ಸ್ನೂಪ್ ಡಾಗ್ ಮತ್ತು ಡಬ್ಲ್ಯುಸಿ, ಡಿ-ಜನರೇಶನ್ ಎಕ್ಸ್ ಗುಂಪಿಗೆ ರನ್-ಡಿಎಂಸಿ! ಹಳೆಯದಕ್ಕಿಂತ ಇದೇ ಎಷ್ಟೋ ವಾಸಿ.

ದೊಡ್ಡಣ್ಣ: ಕೇಳಿದ್ದೇನೆ. ಆಸ್ಟಿನ್ ಮ್ಯೂಸಿಕ್ ಕೆಡಿಸಿಟ್ಟಿದ್ದಾರೆ. ಪೂರ್ತಿ ಕೇಳೋಕೂ ಆಗಲಿಲ್ಲ.

ಪುಟ್ಟಿ: ದೊಡ್ಡಮಾಮ, ಪೂರ್ತಿ ಕೇಳದೆ ಹೇಗೆ ಹೇಳುತ್ತೀರಾ? ಅದೂ ಸ್ನೂಪ್ ಡಾಗ್!

ಭಾವ: ಕುಸ್ತಿಗೂ ರ‍್ಯಾಪ್‌ಗೂ ಆಗಿಬರುವುದಿಲ್ಲ ಪುಟ್ಟಿ. 1999ರಲ್ಲಿ ಡಬ್ಲ್ಯುಸಿಡಬ್ಲ್ಯು ಅನ್ನುವ ಎದುರಾಳಿ ಕುಸ್ತಿ ಕಂಪನಿಯವರು ಮಾಸ್ಟರ್ ಪಿ ಅನ್ನುವ ದೊಡ್ಡ ರ‍್ಯಾಪರ್‌ನ ಕರೆಸಿ ‘ನೋ ಲಿಮಿಟ್ ಸೋಲ್ಜರ್ಸ್’ ಅಂತ ಒಂದು ತಂಡ ಕಟ್ಟಿದರು. ಅವರ ಎದುರು ಕರ್ಟ್ ಹೆನಿಗ್ ಮತ್ತು ಗೆಳೆಯರನ್ನು ವಿಲನ್ ಮಾಡಿ, ರ‍್ಯಾಪ್ ಅಂದರೆ ಕಸ ಅಂತ ಹಳ್ಳಿ ಹಾಡು ಹಾಡಿಸಿದರು. ಜನ ಬೈಯಬೇಕಿತ್ತು. ಬೈಯಲಿಲ್ಲ, ವಿಲನ್‌ಗಳ ಜೊತೆ ಸೇರಿ ಹಾಡಿದರು. ಕಥೆಯೇ ತಲೆಕೆಳಗಾಯಿತು.

ನಾನು: ಭಾವ, ಅದು ನಿಜ. ಆದರೆ ಅದರಲ್ಲಿ ರ‍್ಯಾಪ್‌ನ ತಪ್ಪೇನೂ ಇಲ್ಲ. ನೆಂಟರನ್ನು ಕರೆದು, ಊಟ ಹಾಕದೆ, ಜಗಳಕ್ಕೆ ನಿಲ್ಲಿಸಿದ ಹಾಗಾಯಿತು ಅಷ್ಟೇ. ರನ್-ಡಿಎಂಸಿಯವರು 1989ರಲ್ಲೇ, ವರ್ಷಕ್ಕೊಮ್ಮೆ ನಡೆಯುವ ದೊಡ್ಡ ಕುಸ್ತಿ ಹಬ್ಬದಲ್ಲಿ, ಅಂದರೆ ಐದನೇ ರೆಸಲ್‌ಮೇನಿಯಾದಲ್ಲಿ ಹಾಡಿದ್ದರು. ಈ ಆಲ್ಬಂಗಿಂತ 11 ವರ್ಷ ಹಿಂದೆ. ಹಾಗಾಗಿ ಆಗಿಬರುವುದಿಲ್ಲ ಅನ್ನುವ ಮಾತು ನಿಲ್ಲುವುದಿಲ್ಲ.

ಪುಟ್ಟಿ: ಹಾಗೆ ಹೇಳಿ ಚಿಕ್ಕಮ್ಮ!

ನಾನು: ತಾಳು, ನಿನ್ನ ಮಾತನ್ನೂ ನಾನು ಪೂರ್ತಿ ಒಪ್ಪುವುದಿಲ್ಲ. ಮೆಥಡ್ ಮ್ಯಾನ್ ಮಾಡಿದ ‘ನೋ ಯುವರ್ ರೋಲ್’ ನನಗೆ ಇಷ್ಟ. ಅಡುಗೆ ಮಾಡುವಾಗ ಹಾಕಿಕೊಂಡು ಕೇಳುತ್ತೇನೆ. ಆದರೆ ಹಾಡು ಚೆನ್ನಾಗಿರುವುದು ಬೇರೆ, ಎಂಟ್ರಿ ಮ್ಯೂಸಿಕ್ ಆಗುವುದು ಬೇರೆ. ಎಂಟ್ರಿ ಮ್ಯೂಸಿಕ್ ಅಂದರೆ ಬಾಗಿಲು ತಟ್ಟುವ ಸದ್ದು. ಯಾರು ಬಂದರು ಅಂತ ಒಳಗೆ ಕೂತವರಿಗೆ ತಟ್ಟಿದ ರೀತಿಯಲ್ಲೇ ಗೊತ್ತಾಗಬೇಕು. ಮೊದಲ ಎರಡು ಸೆಕೆಂಡಿನಲ್ಲಿ ಆಗಬೇಕಾದ ಕೆಲಸ ಅದು. ಆಮೇಲೆ ಮೂರು ನಿಮಿಷ ಏನು ಬಾರಿಸಿದರೂ ನಡೆಯುತ್ತದೆ.

ದೊಡ್ಡಣ್ಣ: ಗಾಜು!

ನಾನು: ಹೌದು, ಗಾಜು. ನೆನಪಿದೆಯಾ ಅಣ್ಣ? ಮೊದಲ ಸಲ ಟಿವಿಯಲ್ಲಿ ಆಸ್ಟಿನ್ ಬಂದಾಗ ಫಳ್ ಅಂತ ಗಾಜು ಒಡೆದ ಸದ್ದು ಕೇಳಿ, ಅಜ್ಜಿ ಅಡುಗೆಮನೆಯಿಂದ ಓಡಿ ಬಂದಿದ್ದಳು. ನಾವೇ ಲಾಟೀನಿನ ಬುರುಡೆ ಒಡೆದೆವು ಅಂದುಕೊಂಡು. ಕೈಯಲ್ಲಿ ಸೌಟು ಹಾಗೇ ಇತ್ತು. ಬುರುಡೆ ಗೂಡಿನಲ್ಲಿ ಸರಿಯಾಗಿರುವುದನ್ನು ಮುಟ್ಟಿ ನೋಡಿ ವಾಪಸ್ ಹೋದಳು. ಮುಂದಿನ ವಾರದಿಂದ ಆ ಸದ್ದು ಬಂದರೆ ಅಲ್ಲಿಂದಲೇ ಕೂಗುತ್ತಿದ್ದಳು, ‘ಬೋಡ ಬಂದ ನೋಡ್ರೋ’ ಅಂತ.

ಅತ್ತೆ: ಅಯ್ಯೋ, ಅಮ್ಮ ಹೀಗೆಲ್ಲ ಅನ್ನುತ್ತಿದ್ದಳಾ? ನನಗೆ ಗೊತ್ತೇ ಇಲ್ಲ.

ನಾನು: ನೀವು ಆಗ ದಾವಣಗೆರೆಯಲ್ಲಿ ಇದ್ದಿರಿ ಅತ್ತೆ. ಅಜ್ಜಿಗೆ ಆಗಲೇ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಟಿವಿ ಮುಂದೆ ಕೂತರೂ ಯಾರು ಯಾರಂತ ಕಾಣುತ್ತಿರಲಿಲ್ಲ. ಪೂರ್ತಿ ಕಿವಿಯಿಂದಲೇ ನೋಡುತ್ತಿದ್ದಳು. ಸತ್ತವನ ವೇಷದ ಪೈಲ್ವಾನ ಅಂಡರ್‌ಟೇಕರ್‌ನ ಗಂಟೆ ಡೋಂ ಅಂದರೆ, ‘ಸತ್ತವನು ಬಂದ. ದೀಪ ಹಚ್ಚುವ ಹೊತ್ತಿಗೇ ಬರಬೇಕಾ ಇವನು’ ಅನ್ನುತ್ತಿದ್ದಳು. ಎದ್ದು ಹೋಗಿ ದೇವರ ಮುಂದೆ ಬತ್ತಿ ಸರಿ ಮಾಡಿ ಬಂದು ಮತ್ತೆ ಕೂರುತ್ತಿದ್ದಳು. ಅವಳು ಬರುವವರೆಗೂ ಅವನು ರಿಂಗಿನವರೆಗೆ ಬಂದಿರುತ್ತಿರಲಿಲ್ಲ. ಅಷ್ಟು ನಿಧಾನ ನಡೆಯುತ್ತಿದ್ದ ಅಲ್ವಾ.

ಆ ಗಾಜಿನ ಸಂಗೀತ ಮಾಡಿದವರು ಜಿಮ್ ಜಾನ್‌ಸ್ಟನ್. 1985ರಿಂದ 2017ರವರೆಗೆ ಆ ಡಬ್ಲ್ಯುಡಬ್ಲ್ಯುಎಫ್ ಕಂಪನಿಯಲ್ಲೇ ಕೂತು ಇದೇ ಕೆಲಸ ಮಾಡಿದರು. ಅಮೆರಿಕದಲ್ಲಿ ಕೂತ ಆ ಮನುಷ್ಯ ಮಾಡಿದ ಸದ್ದು, ಇಂಗ್ಲಿಷ್ ಒಂದಕ್ಷರ ಬಾರದ, ಕಣ್ಣು ಕಾಣದ ನಮ್ಮ ಅಜ್ಜಿಗೆ ಮುಟ್ಟಿತು. ಆ ಆಲ್ಬಂನಲ್ಲಿ ರ‍್ಯಾಪರ್‌ಗಳು ಮಾತಿನಲ್ಲಿ ಹೇಳಿದ್ದನ್ನು ಅವರು ಮಾತೇ ಇಲ್ಲದೆ ಹೇಳಿದ್ದರು.

ಪುಟ್ಟಿ: ಸರಿ ಚಿಕ್ಕಮ್ಮ, ಆದರೆ ಮಾತು ಅರ್ಥವಾಗುವವರ ಕಥೆ ಏನು? ಅದು ಅಮೆರಿಕದ ಹುಡುಗರಿಗಾಗಿ ಮಾಡಿದ ಆಲ್ಬಂ. ಅವರಿಗೆ ಮೆಥಡ್ ಮ್ಯಾನ್ ಧ್ವನಿಯೇ ಒಂದು ಗಂಟೆ. ಇನ್ನೊಂದು ವಿಷಯ, ರನ್-ಡಿಎಂಸಿಯ ‘ದ ಕಿಂಗ್ಸ್’ ಬರೀ ಆಲ್ಬಂನಲ್ಲಿ ಉಳಿಯಲಿಲ್ಲ. 2000ದಲ್ಲಿ ಟ್ರಿಪಲ್ ಎಚ್ ಮತ್ತು ಡಿ-ಜನರೇಶನ್ ಎಕ್ಸ್‌ನವರು ನಿಜವಾಗಿಯೂ ಅದೇ ಹಾಡಿಗೆ ರಿಂಗಿಗೆ ಬಂದಿದ್ದಾರೆ. ಗಾಡ್‌ಫಾದರ್ ಅನ್ನುವ ಪೈಲ್ವಾನನಿಗೆ ರ‍್ಯಾಪರ್ ಐಸ್-ಟಿ ಹಾಡಿದ್ದು ಗೊತ್ತಲ್ಲ? ಆ ವರ್ಷ ಏಪ್ರಿಲ್ 2ರಂದು ಆನಹೈಮ್‌ನಲ್ಲಿ ನಡೆದ ರೆಸಲ್‌ಮೇನಿಯಾದಲ್ಲಿ ಐಸ್-ಟಿಯೇ ಗಾಡ್‌ಫಾದರ್ ಮತ್ತು ಡಿ-ಲೋ ಬ್ರೌನ್‌ನ ಕರೆದುಕೊಂಡು ಬಂದ.

ನಾನು: ಅದನ್ನು ಒಪ್ಪುತ್ತೇನೆ. ಡಿ-ಜನರೇಶನ್ ಎಕ್ಸ್ ವಿಷಯದಲ್ಲಿ ನೀನು ಹೇಳಿದ್ದೇ ಸರಿ. ಅವರು ಮೊದಲಿಂದಲೂ ಗುಂಪು ಕಟ್ಟಿಕೊಂಡು ಬಾಯಿ ಮಾಡುತ್ತಾ ಬರುವ ಹುಡುಗರು. ರನ್-ಡಿಎಂಸಿಯೂ ಗುಂಪು. ಹೊಂದಿಕೊಂಡಿತು. ಆದರೆ ಆಸ್ಟಿನ್? ಅವನು ಕುತ್ತಿಗೆ ಆಪರೇಶನ್ ಮುಗಿಸಿ ವಾಪಸ್ ಬಂದಾಗ ಗಾಜೇ ಒಡೆಯಿತು. ಆಮೇಲೆ ಡಿಸ್ಟರ್ಬ್ಡ್ ಬ್ಯಾಂಡಿನವರು ಅವನ ಸಂಗೀತವನ್ನು ಹೊಸದಾಗಿ ಮಾಡಿದಾಗಲೂ ಗಾಜನ್ನು ತೆಗೆಯಲಿಲ್ಲ. ಹಾಡಿನ ಹೆಸರನ್ನೇ ಗಾಜಿನ ಮೇಲೆ ಇಟ್ಟರು. ಒಂಟಿಯಾಗಿ ಬರುವವನಿಗೆ ಆ ಒಂದು ಸದ್ದೇ ಸಾಕು ಅಂತ ಅವರಿಗೆ ಗೊತ್ತಿತ್ತು.

ಬೆಳಗಾವಿ ಮಾವ: ನಾನೂ ಒಂದು ಮಾತು ಹೇಳಲಾ? ನಮ್ಮ ಕಡೆ ಜಾತ್ರೆ ಕುಸ್ತಿಗೆ ಹಲಗಿ ಬಾರಿಸುತ್ತಾರೆ. ಪೈಲ್ವಾನ ಕೆಂಪು ಮಣ್ಣಿಗೆ ಇಳಿಯುವಾಗ ಹಲಗಿ, ಪಟ್ಟು ಬಿಗಿಯಾದಾಗ ಇನ್ನೂ ಜೋರಾಗಿ ಹಲಗಿ. ಆದರೆ ಅದು ಯಾರೊಬ್ಬರ ಸ್ವಂತದ್ದಲ್ಲ. ಊರಿನವನಿಗೂ ಅದೇ, ಪರವೂರಿನವನಿಗೂ ಅದೇ. ನಿಮ್ಮ ಟಿವಿ ಕುಸ್ತಿಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಸದ್ದು ಯಾಕೆ ಬೇಕು?

ನಾನು: ಒಳ್ಳೆ ಪ್ರಶ್ನೆ ಮಾವ. ಅಖಾಡದಲ್ಲಿ ಪೈಲ್ವಾನ ನಿಮ್ಮ ಕಣ್ಣೆದುರಿಗೇ ಬಟ್ಟೆ ಕಳಚಿ, ಮಣ್ಣು ಮುಟ್ಟಿ ಹಣೆಗೆ ಹಚ್ಚಿಕೊಂಡು ಇಳಿಯುತ್ತಾನೆ. ಯಾರು ಅಂತ ಹೇಳುವುದು ಬೇಕಾಗಿಲ್ಲ. ಅಲ್ಲಿ ಹಾಗಲ್ಲ. ಇಪ್ಪತ್ತು ಸಾವಿರ ಜನ, ಪರದೆ ಹಿಂದೆ ಯಾರಿದ್ದಾರೆ ಅಂತ ಗೊತ್ತಿಲ್ಲ. ರಿಂಗಿನಲ್ಲಿ ಒಬ್ಬ ಹೊಡೆತ ತಿನ್ನುತ್ತಿದ್ದಾನೆ. ಆಗ ಒಂದು ಸದ್ದು ಬರುತ್ತದೆ. ಮನುಷ್ಯ ಕಾಣುವ ಮೊದಲೇ ಜನ ಎದ್ದು ನಿಲ್ಲುತ್ತಾರೆ. ಬಿಡಿಸಲು ಯಾರು ಬಂದರು ಅಂತ ಹೇಳುವುದೇ ಆ ಸದ್ದು.

ಇದಕ್ಕೆ 2004ರ ಜನವರಿಯ ರಾಯಲ್ ರಂಬಲ್‌ನೇ ನೋಡಿ. ಹಗ್ಗದ ಆಚೆ ಬಿದ್ದವನು ಔಟ್ ಆಗುವ ಕುಸ್ತಿ ಅದು. ಅದಕ್ಕೂ ಎರಡು ತಿಂಗಳ ಮೊದಲು ಅಂಡರ್‌ಟೇಕರ್‌ನ ಮಣ್ಣಲ್ಲಿ ಹೂತ ಕಥೆ ಮಾಡಿದ್ದರು. ಹೂಳಲು ಕೈ ಹಾಕಿದವನು ಕೇನ್. ರಂಬಲ್ ನಡುವೆ ಇದ್ದಕ್ಕಿದ್ದಂತೆ ದೀಪ ಆರಿ ಆ ಗಂಟೆ ಹೊಡೆಯಿತು. ಅಂಡರ್‌ಟೇಕರ್ ಬರಲೇ ಇಲ್ಲ. ಬರೀ ಗಂಟೆ. ಕೇನ್ ನಿಂತಲ್ಲೇ ಕಲ್ಲಾದ. ಹಿಂದಿನಿಂದ ಬುಕರ್ ಟಿ ಬಂದು ಅವನನ್ನು ಹಗ್ಗದ ಆಚೆ ಎಸೆದ. ಮನುಷ್ಯನೇ ಇಲ್ಲದೆ ಸದ್ದೊಂದೇ ಏಳಡಿ ಆಳನ್ನು ಹೊರಗೆ ಹಾಕಿತು! ಇದನ್ನು ಯಾವ ರ‍್ಯಾಪ್ ಹಾಡು ಮಾಡುತ್ತದೆ ಹೇಳು ಪುಟ್ಟಿ.

ದೊಡ್ಡಣ್ಣ: ಅದನ್ನು ಓದಿದರೆ ಈಗಲೂ ಮೈ ಜುಂ ಅನ್ನುತ್ತದೆ.

ನಾನು: ಅಣ್ಣ, ಅದಕ್ಕೂ ಮೊದಲಿನ ನಾಲ್ಕು ವರ್ಷ ಮನೆಯಲ್ಲಿ ಏನಾಗಿತ್ತು ನೆನಪು ಮಾಡಿಕೋ. 2000ದ ಮೇ ತಿಂಗಳಲ್ಲಿ ಅಂಡರ್‌ಟೇಕರ್ ಕಪ್ಪು ಕೋಟು ಬಿಟ್ಟು ಮೋಟರ್ ಸೈಕಲ್ ಹತ್ತಿ ಬಂದ. ಮೊದಲು ಕಿಡ್ ರಾಕ್ ಹಾಡು, ಆಮೇಲೆ ಲಿಂಪ್ ಬಿಜ್ಕಿಟ್‌ನ ‘ರೋಲಿನ್’. ಅರ್ಧ ರಾಕ್, ಅರ್ಧ ರ‍್ಯಾಪ್. ನಾವೆಲ್ಲ ಕುಣಿದಾಡಿದೆವು. ಅಜ್ಜಿ ಮಾತ್ರ ‘ಯಾರಿದು ಗಾಡಿಯವನು? ಗಂಟೆಯವನು ಎಲ್ಲಿ?’ ಅಂತ ಕೇಳಿದಳು. ಅವನೇ ಇವನು ಅಜ್ಜಿ ಅಂದರೆ ನಂಬಲಿಲ್ಲ. ಸುಮ್ನೆ ಹೇಳುತ್ತೀರಾ ಅಂದಳು. ಆಮೇಲೆ ಟಿವಿ ಹತ್ತಿರ ಬರುವುದನ್ನೇ ಕಡಿಮೆ ಮಾಡಿದಳು. ನಮಗೆ ಆ ವಯಸ್ಸಿನಲ್ಲಿ ಅದು ಅರ್ಥವಾಗಲಿಲ್ಲ. ಅವಳ ಪಾಲಿಗೆ ಅವನ ಮುಖ ಅಂದರೆ ಆ ಗಂಟೆಯೇ. ನಾವು ಅವನ ಹೊಸ ಹಾಡಿಗೆ ಕುಣಿಯುತ್ತಿದ್ದಾಗ ಅವಳಿಗೆ ಅವನು ಕಾಣದೇ ಹೋದ.

ಅತ್ತೆ: ಆಮೇಲೆ?

ನಾನು: 2004ರ ಮಾರ್ಚ್, ಇಪ್ಪತ್ತನೇ ರೆಸಲ್‌ಮೇನಿಯಾ. ನ್ಯೂಯಾರ್ಕ್‌ನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್. ನಾವು ನೋಡುವ ಹೊತ್ತಿಗೆ ಅಜ್ಜಿ ಹಾಸಿಗೆ ಹಿಡಿದಿದ್ದಳು. ಹಜಾರದ ಟಿವಿಯ ಸದ್ದು ಜಾಸ್ತಿ ಮಾಡಿದ್ದೆ. ಅಂಡರ್‌ಟೇಕರ್‌ನ ಮ್ಯಾನೇಜರ್ ಪಾಲ್ ಬೇರರ್ ಕೂಗು ಬಂತು, ಆಮೇಲೆ ಗಂಟೆ ಹೊಡೆಯಿತು. ಒಳಕೋಣೆಯಿಂದ ‘ಬಂದನಾ?’ ಅಂತ ಕೇಳಿತು. ನಾನು ಓಡಿ ಹೋಗಿ ಬಂದ ಅಜ್ಜಿ ಅಂದೆ. ‘ಎಲ್ಲಿಗೆ ಹೋಗಿದ್ದನಂತೆ ಇಷ್ಟು ದಿನ?’ ಅಂದಳು. ನಾನು ಏನೂ ಹೇಳಲಿಲ್ಲ. ಕೈ ಹಿಡಿದುಕೊಂಡು ಅಲ್ಲೇ ಕೂತೆ. ಮ್ಯಾಚ್ ನೋಡಲಿಲ್ಲ.

(ಸ್ವಲ್ಪ ಹೊತ್ತು ಯಾರೂ ಬರೆಯಲಿಲ್ಲ.)

ಪುಟ್ಟಿ: ಚಿಕ್ಕಮ್ಮ, ಇದನ್ನು ನನಗೆ ಯಾರೂ ಹೇಳಿರಲೇ ಇಲ್ಲ.

ಪುಟ್ಟಿ: ಆದರೂ ನನ್ನ ಮಾತು ಬಿಡುವುದಿಲ್ಲ. ಪೈಲ್ವಾನ ಜಾನ್ ಸೀನಾ! ಅವನ ಎಂಟ್ರಿ ಹಾಡು ‘ದ ಟೈಮ್ ಈಸ್ ನೌ’ ಪೂರ್ತಿ ಹಿಪ್-ಹಾಪ್. ಆ ತುತ್ತೂರಿ ಊದಿದ ಕೂಡಲೇ ಗೊತ್ತಾಗುವುದಿಲ್ಲವಾ? ಕುಸ್ತಿ ಒಂದು ದಿನವೂ ನೋಡದ ನನ್ನ ಹಾಸ್ಟೆಲ್ ಹುಡುಗಿಯರಿಗೆ ಕೂಡ ಗೊತ್ತು.

ನಾನು: ಗೊತ್ತಾಗುತ್ತದೆ. ಒಂದೇ ಸೆಕೆಂಡಿನಲ್ಲಿ. ಆ ತುತ್ತೂರಿ ಪೀಟ್ ಸ್ಕೋಫೀಲ್ಡ್ ಅಂಡ್ ದ ಕೆನೇಡಿಯನ್ಸ್ ಅನ್ನುವ ಬ್ಯಾಂಡಿನ ಹಳೆಯ ರೆಕಾರ್ಡಿನಿಂದ ಎತ್ತಿದ್ದು. ಹಿಪ್-ಹಾಪ್‌ನವರ ಕೈಚಳಕವೇ ಅದು ಅಲ್ವಾ, ಯಾವುದೋ ಮೂಲೆಯಲ್ಲಿದ್ದ ನಾಲ್ಕು ಸ್ವರ ಹೆಕ್ಕಿ ತಂದು ಮೆರೆಸುವುದು. ಹಾಗಾಗಿ ಹಿಪ್-ಹಾಪ್‌ಗೆ ಬಾಗಿಲು ತಟ್ಟಲು ಬರುವುದಿಲ್ಲ ಅಂತ ನಾನು ಹೇಳುವುದೇ ಇಲ್ಲ. ಆದರೆ ಒಂದು ನೋಡು. ಸೀನಾ ಹಾಡಿದ್ದು ತಾನೇ. 2002ರ ಕೊನೆಯಿಂದಲೇ ಮೈಕ್ ಹಿಡಿದು ಎದುರಾಳಿಯನ್ನು ರ‍್ಯಾಪ್‌ನಲ್ಲೇ ಬೈಯುತ್ತಾ ಬೆಳೆದ. 2005ರಲ್ಲಿ ತನ್ನ ಕಸಿನ್ ಜೊತೆ ಪೂರ್ತಿ ಆಲ್ಬಂ ಮಾಡಿದ, ಅಮೆರಿಕದ ಬಿಲ್‌ಬೋರ್ಡ್ ಆಲ್ಬಂ ಪಟ್ಟಿಗೆ 15ನೇ ಜಾಗದಲ್ಲಿ ಕಾಲಿಟ್ಟಿತು. ಪೈಲ್ವಾನ ಆರ್-ಟ್ರೂತ್ ಕೂಡ ಹಾಗೇ. ತಾನೇ ಹಾಡುತ್ತಾ ನಡೆದು ಬರುತ್ತಾನೆ, ಜನ ಉತ್ತರ ಕೊಡುತ್ತಾರೆ. ಅವರು ರ‍್ಯಾಪ್ ಒಳಗಿನಿಂದ ಬಂದವರು. ಅಗ್ರೆಶನ್‌ನಲ್ಲಿ ಬೇರೆಯವರು ಬಂದು ಪೈಲ್ವಾನರ ಬಗ್ಗೆ ಹಾಡಿದರು. ಆ ವ್ಯತ್ಯಾಸ ಕಿವಿಗೆ ಬಡಿಯುತ್ತದೆ.

ಭಾವ: ಖಲಿಗೆ ಪಂಜಾಬಿ ಎಂಸಿ ಮಾಡಿದ್ದೂ ಹಾಗೇ ಅಲ್ವಾ? ‘ಲ್ಯಾಂಡ್ ಆಫ್ ಫೈವ್ ರಿವರ್ಸ್’ ಅಂತ ಪಂಜಾಬಿನ ಐದು ನದಿಯ ಹೆಸರು. ಖಲಿ ಹಿಮಾಚಲದವನು.

ಬೆಳಗಾವಿ ಮಾವ: ಪಂಜಾಬ್ ಪೊಲೀಸ್‌ನಲ್ಲಿ ಇದ್ದನಲ್ಲ ಅವನು. ಅನ್ನ ತಿಂದ ಊರು, ನಡೆಯುತ್ತದೆ ಬಿಡಿ.

ಪುಟ್ಟಿ: ಚಿಕ್ಕಮ್ಮ, ಬೇರೆಯವರು ಹಾಡಿದರೆ ಆಗುವುದಿಲ್ಲ ಅನ್ನುತ್ತೀರಲ್ಲ, ಕುಸ್ತಿ ಹುಡುಗಿ ಸಾಶಾ ಬ್ಯಾಂಕ್ಸ್? 2016ರ ರೆಸಲ್‌ಮೇನಿಯಾದಲ್ಲಿ ಅವಳು ಬರುವಾಗ ಸ್ನೂಪ್ ಡಾಗ್ ಮುಂದೆ ನಿಂತು ಹಾಡಿದ. ಅವನು ಅವಳ ಕಸಿನ್. ನೋಡಿದವರೆಲ್ಲ ಅತ್ತರು, ನಾನೂ ಅತ್ತೆ.

ನಾನು: ನೀನೇ ಉತ್ತರ ಹೇಳಿಬಿಟ್ಟೆ. ಮನೆಯವನು ಬಂದು ಹಾಡಿದ. ಸ್ಟೋನ್ ಕೋಲ್ಡ್‌ಗೆ ಹಾಡಿದವನೂ ಅದೇ ಸ್ನೂಪ್. ಸಾಶಾಗೆ ಹಾಡಿದಾಗ ಅವನು ನಮ್ಮ ಹುಡುಗಿ ಬಂದಳು ನೋಡಿ ಅಂತ ಬಾಗಿಲಲ್ಲಿ ನಿಂತು ಕರೆದ ಹಾಗಿತ್ತು.

ದೊಡ್ಡಣ್ಣ: ಏನೇ ಹೇಳಿ, ನನಗೆ ಗಾಜೇ.

ಪುಟ್ಟಿ: ದೊಡ್ಡಮಾಮ, ಶನಿವಾರ ಊರಿಗೆ ಬರುತ್ತಿದ್ದೇನೆ. ಸ್ಪೀಕರ್ ತರುತ್ತೇನೆ. ನೀವು ಕೂತು ಆ ಆಲ್ಬಂ ಪೂರ್ತಿ ಕೇಳಲೇಬೇಕು. ಅರ್ಧಕ್ಕೆ ಎದ್ದು ಹೋಗುವ ಹಾಗಿಲ್ಲ.

ದೊಡ್ಡಣ್ಣ: ಕೇಳುತ್ತೇನೆ. ಅದಕ್ಕೂ ಮೊದಲು ಗಂಟೆ ಹಾಕಬೇಕು.

ಪುಟ್ಟಿ: ಆಯಿತು, ಮೊದಲು ಗಂಟೆ. ಅಜ್ಜಿ ಕೋಣೆಯಲ್ಲೇ ಹಾಕೋಣವಾ ಚಿಕ್ಕಮ್ಮ?

ನಾನು: ಹಾಕೋಣ. ದೀಪ ಹಚ್ಚುವ ಹೊತ್ತಿಗೆ ಬಾ.